ಬಾಣಂತಿಯ ಉಂಡೆಯ ಚರಿತ್ರೆ

ಅರಸರ ಆರೋಗಣೆಯ ವರ್ಣನೆಗಳು ಕನ್ನಡ ಕಾವ್ಯಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ದೇವರ ನೈವೇದ್ಯಕ್ಕೆ ಎಷ್ಟು ಅಕ್ಕಿ, ಎಷ್ಟು ತುಪ್ಪ ಸಲ್ಲಬೇಕೆಂಬುದನ್ನು ಶಾಸನಗಳು ಕೊಳಗ ಸೊಲಗೆಗಳ ಲೆಕ್ಕದಲ್ಲಿ ತಿಳಿಸುತ್ತವೆ. ಹೆರಿಗೆಯಾದ ಹೆಂಗಸು ಬೆಚ್ಚನೆಯ ಕೋಣೆಯಲ್ಲಿ ಕುಳಿತು ಬೆಳಿಗ್ಗೆಗೊಂದರಂತೆ ತಿಂದ ಉಂಡೆಗೆ ಮಾತ್ರ ಅಂತಹ ಲೇಖನದ ಭಾಗ್ಯವಿರಲಿಲ್ಲ. ಅದರ ಲೆಕ್ಕ ತಾಯಂದಿರ, ಅಜ್ಜಿಯರ ನೆನಪಿನಲ್ಲಿ ಉಳಿಯಿತು. ಆದರೂ ಆ ಉಂಡೆಯಿಂದ ಎರಡು ಜೀವಗಳ ಪೋಷಣೆಯಾಗಬೇಕಾಗಿದ್ದಿತು. ಅವುಗಳಲ್ಲಿ ಒಂದು ಜೀವಕ್ಕೆ ತಾಯಿಯ ಹಾಲಿನ ಹೊರತು ಬೇರೆ ಅನ್ನವೇ ಇರಲಿಲ್ಲ. ಇಷ್ಟು ಹೊಣೆಯನ್ನು ಹೊತ್ತ ತಿನಿಸು ಯಾವ ಶಾಸ್ತ್ರದಿಂದ ಹುಟ್ಟಿತು, ಯಾವ ನೆಲದಿಂದ ಬೆಳೆಯಿತು, ಎಷ್ಟರಮಟ್ಟಿಗೆ ತನ್ನ ಕೆಲಸವನ್ನು ನೆರವೇರಿಸಿತು, ಎಲ್ಲಿ ಸೋತಿತು ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಶಾಸ್ತ್ರವನ್ನು ನೋಡಬಹುದು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕೆಯ ಉಪಚಾರವು ಹೇಳಲ್ಪಟ್ಟಿದೆ. ಹಸಿವಾದೊಡನೆ ಆಕೆಗೆ ಹಿಪ್ಪಲಿ, ಹಿಪ್ಪಲಿಮೂಲ, ಚವ್ಯ, ಚಿತ್ರಮೂಲ, ಶುಂಠಿ ಇವುಗಳ ಚೂರ್ಣವನ್ನು ತುಪ್ಪ ಅಥವಾ ಎಣ್ಣೆಯೊಡನೆ ಕೊಡಬೇಕು. ಹೊಟ್ಟೆಗೆ ಬಟ್ಟೆಯನ್ನು ಸುತ್ತಬೇಕು. ಕುಡಿದ ಸ್ನೇಹವು ಜೀರ್ಣವಾದ ಮೇಲೆ ತೆಳುವಾದ ಗಂಜಿಯನ್ನು ಕುಡಿಸಬೇಕು. ಐದು ಅಥವಾ ಏಳು ದಿನಗಳು ಕಳೆದ ಬಳಿಕ ಕ್ರಮವಾಗಿ ಪುಷ್ಟಿಯ ಆಹಾರಕ್ಕೆ ಏರಿಸಬೇಕು. ಸುಶ್ರುತನು ಇದೇ ಬಗೆಯ ಚೂರ್ಣವನ್ನು ಬಿಸಿಯಾದ ಬೆಲ್ಲದ ನೀರಿನಲ್ಲಿ ಎರಡು ಮೂರು ದಿನ ಕೊಡಬೇಕೆಂದು ವಿಧಿಸಿ, ಅನಂತರ ಸ್ನೇಹವನ್ನಾಗಲಿ ಹಾಲನ್ನಾಗಲಿ ಬೆರಸಿದ ಗಂಜಿಯನ್ನೂ, ಆಮೇಲೆ ಹುರುಳಿ ಮೊದಲಾದುವುಗಳ ಕಟ್ಟನ್ನೂ ಅಕ್ಕಿಯ ಅನ್ನವನ್ನೂ ಹೇಳುತ್ತಾನೆ. ಇಂದಿಗೂ ಕನ್ನಡ ಮನೆಗಳಲ್ಲಿ ಬಾಣಂತಿಯ ಮೊದಲ ತುತ್ತಿಗೆ ತುಪ್ಪ, ಮೆಣಸು, ಜೀರಿಗೆ, ಶುಂಠಿಗಳ ಪುಡಿ ಬೀಳುವುದನ್ನೂ, ಆಕೆಯ ಹೊಟ್ಟೆಗೆ ಸೀರೆಯ ಬಟ್ಟೆಯನ್ನು ಬಿಗಿಯುವುದನ್ನೂ ಬಲ್ಲವರಿಗೆ ಈ ವಿಧಿಗಳು ಅಪರಿಚಿತವೆಂದು ತೋರಲಾರವು.

ಸೂತಿಕೆಯರ ವಿಷಯದಲ್ಲಿ ಇವರಿಬ್ಬರಿಗಿಂತಲೂ ವಿಸ್ತಾರವಾಗಿ ಬರೆದ ಗ್ರಂಥ ಕಾಶ್ಯಪಸಂಹಿತೆ. ಇದು ಬಹುಕಾಲ ಮರೆಯಾಗಿದ್ದು, ನೇಪಾಳದ ರಾಜಗುರು ಹೇಮರಾಜ ಶರ್ಮರಿಗೆ ದೊರೆತ ಖಂಡಿತವಾದ ತಾಳೆಯ ಪ್ರತಿಯ ಆಧಾರದಿಂದ ೧೯೩೮ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಸೂತಿಕೆಯ ಉಪಚಾರಕ್ಕೆ ಇದರಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ದೇಶವನ್ನೂ ಕುಲವನ್ನೂ ಅನುಸರಿಸಿ ಪಥ್ಯವು ಬೇರೆಬೇರೆಯಾಗಬೇಕೆಂಬುದು ಇದರ ಮುಖ್ಯವಾದ ಅಭಿಪ್ರಾಯ. ನೀರು ಹೆಚ್ಚಾದ ನಾಡಿನವಳಿಗೆ ಒಂದು ಕ್ರಮ, ಒಣನಾಡಿನವಳಿಗೆ ಮತ್ತೊಂದು ಕ್ರಮ. ಶಾಸ್ತ್ರಕಾರನೇ ಹೀಗೆ ನೆಲದ ಕೈಗೆ ಅಧಿಕಾರವನ್ನು ಒಪ್ಪಿಸಿರುವುದು ಬಾಣಂತಿಯ ಉಂಡೆಯ ಚರಿತ್ರೆಯನ್ನು ತಿಳಿಯಲು ಕೀಲಿಕೈಯಾಗಿದೆ.

ಏಕೆಂದರೆ, ಕನ್ನಡ ನಾಡಿನ ಬಹುಭಾಗದಲ್ಲಿ ಬಾಣಂತಿಯ ತಿನಿಸುಗಳೊಳಗೆ ಗೋಧಿಯು ಕಾಣುವುದಿಲ್ಲ. ಇದನ್ನು ಶಾಸ್ತ್ರದ ನಿಷೇಧವೆಂದು ಎಣಿಸಲಾಗದು. ಹಾಲು ಕಡಮೆಯಾದ ತಾಯಿಗೆ ಕೊಡತಕ್ಕ ಪದಾರ್ಥಗಳನ್ನು ಸುಶ್ರುತನು ಎಣಿಸುವಾಗ ಅಕ್ಕಿ, ಜವೆ, ಬೆಳ್ಳುಳ್ಳಿ, ಶತಾವರಿ ಮುಂತಾದುವುಗಳ ಜೊತೆಯಲ್ಲಿ ಗೋಧಿಯನ್ನೂ ಸೇರಿಸಿದ್ದಾನೆ. ಶಾಸ್ತ್ರವು ಸ್ವಾಗತಿಸಿದ ಧಾನ್ಯವನ್ನು ನೆಲವು ಒದಗಿಸಲಿಲ್ಲ. ಇದೇ ಅದರ ಅಭಾವಕ್ಕೆ ಕಾರಣ. ಕರಾವಳಿ ಮಲೆನಾಡುಗಳಲ್ಲಿ ಭತ್ತ, ಮೈಸೂರು ಸೀಮೆಯ ಕೆಂಪುಭೂಮಿಯಲ್ಲಿ ರಾಗಿ, ಬಡಗಣ ಎರೆಯ ನೆಲದಲ್ಲಿ ಜೋಳ, ಹೀಗೆ ನಾಡು ಹಂಚಿಹೋಗಿತ್ತು. ಗೋಧಿಯು ಬಡಗಣ ಭಾಗದ ಹಿಂಗಾರಿ ಬೆಳೆಯಾಗಿ ಮಾತ್ರ ನಿಂತಿತು. ಅಲ್ಲಿ ಗೋಧಿಯ ಹುಗ್ಗಿಯು ಬಾಣಂತಿಗೂ ಸಲ್ಲುತ್ತದೆಂಬುದು ಮೇಲಿನ ಮಾತನ್ನೇ ಸಮರ್ಥಿಸುತ್ತದೆ: ಬೆಳೆದಲ್ಲಿ ಉಂಡರು, ಬೆಳೆಯದಲ್ಲಿ ಬಿಟ್ಟರು.

ಗೋಧಿಯು ಈ ನಾಡಿಗೆ ತಿಳಿಯದ ವಸ್ತುವಾಗಿರಲಿಲ್ಲ; ಅದು ಹಬ್ಬದ ಮತ್ತು ಅರಮನೆಯ ಧಾನ್ಯವಾಗಿದ್ದಿತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಸುಮಾರು ೧೧೨೯-೩೦ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೋಧಿಯ ಮಂಡಿಗೆಯ ವಿಧಾನವಿದೆ. ಬೇಳೆಯ ಹಿಟ್ಟಿನಿಂದಾಗುವ ಇಡ್ಡಲಿಗೆ ದೋಸೆಗಳ ಪೂರ್ವರೂಪಗಳೂ ಇವೆ. ಇದಕ್ಕೆ ಒಂದು ಶತಮಾನ ಮೊದಲೇ, ಸುಮಾರು ೧೦೨೫ರಲ್ಲಿ, ಇಮ್ಮಡಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಅಡಿಗೆಗೂ ವೈದ್ಯಕ್ಕೂ ಸ್ಥಾನ ಕೊಟ್ಟಿದ್ದನು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರವು ಹಿಟ್ಟಿನ ಪಾಕಗಳಿಂದಲೇ ಆರಂಭವಾಗುತ್ತದೆ. ಕೆಳಗೂ ಮೇಲೂ ಕೆಂಡವನ್ನಿಟ್ಟು ಬೇಯಿಸುವ ಮುಚ್ಚಳರೊಟ್ಟಿಯು ಅದರಲ್ಲಿ ಬರುತ್ತದೆ. ಒಲೆಯ ಮೇಲಿನ ಶಾಖವನ್ನು ಎರಡು ಕಡೆಯಿಂದಲೂ ಕೊಡುವ ಈ ಉಪಾಯವನ್ನು ಬಲ್ಲ ಅಡಿಗೆಯವರಿಗೆ ಭಟ್ಟಿಯ ತಿನಿಸು ಹೊಸದೇನೂ ಆಗಿರಲಿಲ್ಲ. ಆದರೆ ಇವೆಲ್ಲ ಸಂಪನ್ನರ ಅಡಿಗೆಮನೆಯ ಮಾತು.

ಜನಸಾಮಾನ್ಯರ ಧಾನ್ಯದ ಮಾತನ್ನು ಆಡಿದವರು ಕನಕದಾಸರು. ಅವರ ರಾಮಧಾನ್ಯಚರಿತ್ರೆಯಲ್ಲಿ ನರೆದಲೆಗವೆಂಬ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ಶ್ರೇಷ್ಠತೆಯ ವಿವಾದ ನಡೆಯುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗಿ, ಭತ್ತವು ಸೊರಗಿ ರಾಗಿಯು ಸತ್ತ್ವಗೆಡದೆ ನಿಲ್ಲುತ್ತದೆ. ಶ್ರೀರಾಮನು ಅದಕ್ಕೆ ತನ್ನ ಹೆಸರನ್ನೇ ಅನುಗ್ರಹಿಸುತ್ತಾನೆ. ಕಥೆಯ ತಾತ್ಪರ್ಯವು ಕುಲದ ಹೆಮ್ಮೆಯ ಖಂಡನೆಯಾದರೂ, ಅದರ ಒಡಲಿನಲ್ಲಿ ಒಕ್ಕಲಿಗನ ಅನುಭವವಿದೆ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯವು ಬರಗಾಲದಲ್ಲಿಯೂ ಮನೆಯಲ್ಲಿರುತ್ತದೆ. ಹೆರಿಗೆಯು ಸುಗ್ಗಿಯನ್ನು ಕಾದು ಬರುವುದಿಲ್ಲ. ಮೂಲತಃ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಬಂದ ಈ ಧಾನ್ಯವು ಹೀಗೆ ಕನ್ನಡ ತಾಯಂದಿರ ಆಪದ್ಬಂಧುವಾಯಿತು. ನೂತನ ಶಾಸ್ತ್ರದ ಪರೀಕ್ಷೆಯಲ್ಲಿಯೂ ಅದು ಗೆದ್ದಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೪೦ರಿಂದ ೩೬೦ ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ತೂಕದ ತಳಿಸಿದ ಅಕ್ಕಿಯಲ್ಲಿ ಹತ್ತರ ಆಸುಪಾಸಿನಷ್ಟೇ ಇರುತ್ತದೆ. ಹಾಲೂಡುವ ತಾಯಿಗೆ ದಿನಕ್ಕೆ ೧೨೦೦ ಮಿಲಿಗ್ರಾಂ ಸುಣ್ಣದ ಅಂಶವು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ೨೦೨೦ರಲ್ಲಿ ನಿರ್ಣಯಿಸಿತು. ಹುರಿದ ರಾಗಿಯ ಹಿಟ್ಟನ್ನು ಬೆಲ್ಲ ತುಪ್ಪಗಳಲ್ಲಿ ಕಲಸಿದ ಉಂಡೆಗೆ ಬಡವರ ಮನೆಯಲ್ಲಿ ದೊರೆತ ಮಾನ್ಯತೆಯು ಅಕಾರಣವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಇನ್ನು ಉಳ್ಳವರ ಮನೆಯ ಅಂಟಿನುಂಡೆಯನ್ನು ನೋಡಬೇಕು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವಳೆಂದರೆ ತಾಯಿಯು ಮುಂಚಿತವಾಗಿಯೇ ಕೊಬ್ಬರಿಯನ್ನು ತುರಿದು, ಉತ್ತುತ್ತಿಯ ಬೀಜ ತೆಗೆದು ಕುಟ್ಟಿ, ಗಸಗಸೆಯನ್ನು ಹುರಿದು ಸಿದ್ಧಮಾಡುತ್ತಿದ್ದಳು. ಮರದ ಅಂಟನ್ನು ಬಿಸಿತುಪ್ಪದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಅದು ಅರಳಿ ಹಗುರಾಗುತ್ತದೆ. ಒಳಗೆ ಹಸಿಯುಳಿದರೆ ಹಲ್ಲಿಗೆ ಅಂಟುತ್ತದೆ. ಹೀಗೆ ಅರಳಿದುದನ್ನು ಪುಡಿಮಾಡಿ, ಬೆಲ್ಲದ ಪಾಕದಲ್ಲಿ ಎಲ್ಲವನ್ನೂ ಕೂಡಿಸಿ, ಏಲಕ್ಕಿ, ಜಾಜಿಕಾಯಿ, ಒಣಶುಂಠಿಗಳನ್ನು ಬೆರಸಿ, ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಗೋಕಾಕ ಅಮೀನಗಡಗಳ ಹೆಸರನ್ನು ಹರಡಿದ ಕರದಂಟು ಇದರ ಒಡಹುಟ್ಟು. ಕರಿದ ಅಂಟು ಎಂಬುದೇ ಆ ಹೆಸರಿನ ಅರ್ಥ. ಬಡಗಣ ಜಿಲ್ಲೆಗಳಲ್ಲಿ ಅಳವಿಯ ಬೀಜದ ಉಂಡೆ ಪಾಯಸಗಳೂ, ಎಲ್ಲೆಡೆಯಲ್ಲಿಯೂ ಮೆಂತ್ಯದ ತಿನಿಸುಗಳೂ ಬಾಣಂತಿಗೆ ಮೀಸಲಾಗಿದ್ದುವು. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಮೆಂತ್ಯ, ಅಳವಿ, ಕರಿಜೀರಿಗೆ, ಓಮ ಈ ನಾಲ್ಕನ್ನು ಚತುರ್ಬೀಜವೆಂಬ ಒಂದೇ ಹೆಸರಿನಿಂದ ಕರೆದಿರುವುದು ಇಲ್ಲಿ ನೆನೆಯತಕ್ಕದ್ದು.

ಈ ಒಂದು ಉಂಡೆಯಲ್ಲಿ ಎಷ್ಟು ನಾಡುಗಳ ವ್ಯಾಪಾರವು ಅಡಗಿದೆಯೆಂಬುದು ಸೋಜಿಗದ ಸಂಗತಿ. ಅಂಟು ಜಾಲಿ ದಿಂಡುಗಗಳಂತಹ ಊರ ಹೊರಗಿನ ಮರಗಳಿಂದ ಬಂದಿತು. ಕೊಬ್ಬರಿ ತಿಪಟೂರು ಅರಸೀಕೆರೆಗಳ ಕಡೆಯ ತೋಟಗಳ ಸರಕು. ಉತ್ತುತ್ತಿ ಅರಬರ, ಪಾರಸಿಕರ ಕಡಲತೀರದ್ದು. ಜಾಜಿಕಾಯಿ ಮೂಡಲ ದ್ವೀಪಗಳದು. ಗೋಡಂಬಿಯಂತೂ ಬ್ರೆಜಿಲಿನಿಂದ ಪೋರ್ತುಗೀಸರ ಕೈಯಲ್ಲಿ ಹದಿನಾರನೆಯ ಶತಮಾನದಲ್ಲಿ ಪಡುವಣ ಕರಾವಳಿಗೆ ಬಂದ ಗಿಡದ ಫಲ. ಆದುದರಿಂದ ಇಂದಿನ ರೂಪದ ಅಂಟಿನುಂಡೆಯು ಸನಾತನವೆಂದು ಹೇಳುವುದು ಸರಿಯಾಗದು. ಚರಕ ಸುಶ್ರುತರ ಬೆಲ್ಲ, ಶುಂಠಿ, ತುಪ್ಪಗಳೆಂಬ ಹಳೆಯ ತಳಹದಿಯ ಮೇಲೆ ಒಂದೊಂದು ಕಾಲವು ಒಂದೊಂದು ಕಲ್ಲನ್ನಿಟ್ಟು ಕಟ್ಟಿದ ಮನೆಯಿದು. ಇನ್ನೊಂದು ಮಾತು: ಹೆಸರು ಅಂಟಿನದಾದರೂ ಬಲವು ಅಂಟಿನದಲ್ಲ. ಅಂಟು ಬಹುಮಟ್ಟಿಗೆ ಜೀರ್ಣವಾಗದ ನಾರಿನ ಜಾತಿಯದು. ತಾಯಿಗೆ ಶಕ್ತಿಯನ್ನು ಕೊಡುವುವು ತುಪ್ಪ, ಬೆಲ್ಲ, ಕೊಬ್ಬರಿ, ಉತ್ತುತ್ತಿಗಳು. ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ ದಿನಕ್ಕೆ ೬೦೦ ಕ್ಯಾಲೊರಿಯಷ್ಟು ಹೆಚ್ಚಿನ ಆಹಾರವು ಬೇಕೆಂದು ಮೇಲೆ ಹೇಳಿದ ಪರಿಷತ್ತಿನ ಗಣನೆ. ಅಳತೆಗೋಲಿಲ್ಲದ ಕಾಲದಲ್ಲಿ ಅಜ್ಜಿಯರು ಈ ಕೊರತೆಯನ್ನು ಕಂಡುಕೊಂಡು, ಕೈಗೆ ಸುಲಭವಾದ, ಕೆಡದೆ ನಿಲ್ಲುವ ಉಂಡೆಯಿಂದ ಅದನ್ನು ತುಂಬಲು ಯತ್ನಿಸಿದರು.

ಉಂಡೆಯಲ್ಲಿ ಗೋಧಿಯಿಲ್ಲದಿರುವುದಕ್ಕೆ ಯಾರೂ ನಿರೀಕ್ಷಿಸದ ಒಂದು ಅರ್ಥವು ಯುರೋಪಿನಲ್ಲಿ ಹುಟ್ಟಿತು. ಇಟಲಿಯ ಬೊಲೋನದ ಪಂಡಿತ ಬೆಕ್ಕಾರಿಯು ಗೋಧಿಯ ಹಿಟ್ಟನ್ನು ನೀರಿನಲ್ಲಿ ನಾದಿ ತೊಳೆದು, ಪಿಷ್ಟವು ಹರಿದುಹೋದ ಮೇಲೆ ಉಳಿಯುವ ಅಂಟಾದ ಮುದ್ದೆಯನ್ನು ಬೇರ್ಪಡಿಸಿ ವಿವರಿಸಿದನು. ಅವನ ಲೇಖನವು ೧೭೪೫ರಲ್ಲಿ ಪ್ರಕಟವಾಯಿತು. ಗ್ಲೂಟನ್ ಎಂದು ಪ್ರಸಿದ್ಧವಾದ ವಸ್ತು ಇದೇ. ರೊಟ್ಟಿಯು ಉಬ್ಬುವುದೂ ಹಿಟ್ಟು ಎಳೆಯಾಗಿ ಬರುವುದೂ ಇದರ ಗುಣ. ೧೮೮೮ರಲ್ಲಿ ಲಂಡನ್ನಿನ ವೈದ್ಯ ಸಾಮ್ಯುಅಲ್ ಗೀ ಎಂಬವನು, ಹೊಟ್ಟೆ ಉಬ್ಬಿ, ಭೇದಿಯಾಗಿ, ಮೈ ಸೊರಗುವ ಒಂದು ವ್ಯಾಧಿಯನ್ನು ವರ್ಣಿಸಿ, ಇದು ವಾಸಿಯಾಗುವುದಾದರೆ ಆಹಾರದಿಂದಲೇ ವಾಸಿಯಾಗಬೇಕೆಂದು ಬರೆದನು. ಯಾವ ಆಹಾರವು ವಿಷವೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅದನ್ನು ತಿಳಿದವನು ಹಾಲೆಂಡಿನ ಮಕ್ಕಳ ವೈದ್ಯ ಡಿಕೆ. ೧೯೪೪-೪೫ರ ಚಳಿಗಾಲದ ಕ್ಷಾಮದಲ್ಲಿ ಆ ದೇಶದಲ್ಲಿ ರೊಟ್ಟಿಯು ದೊರೆಯದಾಯಿತು. ಎಲ್ಲ ಮಕ್ಕಳೂ ಬಡಕಲಾಗುತ್ತಿದ್ದಾಗ ಈ ವ್ಯಾಧಿಯ ಮಕ್ಕಳು ಚೇತರಿಸಿಕೊಂಡರು. ರೊಟ್ಟಿಯು ಮರಳಿದಾಗ ವ್ಯಾಧಿಯೂ ಮರಳಿತು. ಮೊದಲೇ ಗೋಧಿಯನ್ನು ಶಂಕಿಸಿದ್ದ ಡಿಕೆಯು ೧೯೫೦ರಲ್ಲಿ ತನ್ನ ಪ್ರಬಂಧದಲ್ಲಿ ಈ ಸಂಬಂಧವನ್ನು ಸ್ಥಾಪಿಸಿದನು. ದೋಷವು ಗ್ಲೂಟನ್ನಿನಲ್ಲಿದೆಯೆಂಬುದು ಅವನ ಮತ್ತು ಅವನ ಸಹೋದ್ಯೋಗಿಗಳ ಮುಂದಿನ ಪ್ರಯೋಗಗಳಿಂದ ಖಚಿತವಾಯಿತು.

ಭರತಖಂಡದಲ್ಲಿ ಈ ವ್ಯಾಧಿಯ ಹಂಚಿಕೆಯು ಗಮನಾರ್ಹವಾಗಿದೆ. ೨೦೧೬ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಪರೀಕ್ಷೆಯಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ೧.೨೩ರಷ್ಟು ಜನರಲ್ಲಿಯೂ, ದಕ್ಷಿಣದಲ್ಲಿ ೦.೧೦ರಷ್ಟು ಜನರಲ್ಲಿಯೂ ಅದು ಕಂಡುಬಂದಿತು. ಪರೀಕ್ಷೆಗೆ ಒಳಗಾದ ಪ್ರದೇಶಗಳಲ್ಲಿ ದಿನವೊಂದಕ್ಕೆ ಗೋಧಿಯ ಸರಾಸರಿ ಉಪಯೋಗವು ಉತ್ತರದಲ್ಲಿ ೪೫೫ ಗ್ರಾಂ, ದಕ್ಷಿಣದಲ್ಲಿ ೨೫ ಗ್ರಾಂ. ದಕ್ಷಿಣದ ಬಾಣಂತಿಯ ಅಕ್ಕಿ, ರಾಗಿ, ಜೋಳ, ಕೊಬ್ಬರಿ, ಅಂಟುಗಳಲ್ಲಿ ಗ್ಲೂಟನ್ ಇಲ್ಲ. ಗೋಧಿಯನ್ನು ಸಹಿಸದ ಮೈಯುಳ್ಳ ತಾಯಿಯೊಬ್ಬಳಿದ್ದರೆ, ಆಕೆಯ ರೋಗದ ಹೆಸರನ್ನು ಯಾರೂ ಅರಿಯದಿದ್ದ ಕಾಲದಲ್ಲಿಯೂ ಈ ತಿನಿಸು ಆಕೆಯನ್ನು ಕಾಪಾಡುತ್ತಿದ್ದಿತು. ಆದರೆ ಇದರಿಂದ ಗೋಧಿಯು ಎಲ್ಲ ತಾಯಂದಿರಿಗೂ ಅಹಿತವೆಂಬ ತೀರ್ಮಾನವು ಹೊರಡುವುದಿಲ್ಲ. ವ್ಯಾಧಿಯಿಲ್ಲದವಳು ಅದನ್ನು ಬಿಡಬೇಕಾದ ಕಾರಣವಿಲ್ಲ. ವ್ಯಾಧಿಯಿರುವವಳಾದರೋ ಹೆಚ್ಚಿನ ಎಚ್ಚರದಿಂದಿರಬೇಕು: ಅಂಗಡಿಯ ಕೂಟಿಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು, ಗೋಧಿಯನ್ನು ಬೀಸಿದ ಗಿರಣಿಯಲ್ಲಿಯೇ ರಾಗಿಯನ್ನು ಬೀಸಿದರೆ ಅದರ ಶೇಷವು ಇದರಲ್ಲಿ ಸೇರುವುದು.

ಉಂಡೆಯಿಂದ ಹಾಲು ಹೆಚ್ಚುವುದೇ ಎಂಬ ಪ್ರಶ್ನೆಯು ಹಳೆಯದು. ಆಹಾರದ ರಸದಿಂದಲೇ ಸ್ತನ್ಯವು ಹುಟ್ಟುತ್ತದೆಂದು ಪ್ರಾಚೀನರ ಮತ. ಶತಾವರಿಗೆ ಕನ್ನಡಿಗರು ಹಲವು ಮಕ್ಕಳ ತಾಯಿ ಎಂದು ಹೆಸರಿಟ್ಟರು. ಬುಡದಲ್ಲಿ ಗೊಂಚಲಾಗಿ ತೂಗುವ ಗೆಡ್ಡೆಗಳಿಗೆ ಇದಕ್ಕಿಂತ ಅಂದವಾದ ಹೆಸರು ದೊರೆಯದು. ಆದರೆ ಶತಾವರಿಯಾಗಲಿ ಮೆಂತ್ಯವಾಗಲಿ ಹಾಲನ್ನು ಹೆಚ್ಚಿಸುವುದೆಂಬುದು ನೂತನ ಪರೀಕ್ಷೆಗಳಿಂದ ನಿಸ್ಸಂದೇಹವಾಗಿ ಸ್ಥಾಪಿತವಾಗಿಲ್ಲ. ಹಾಲಿನ ಉತ್ಪತ್ತಿಯನ್ನು ಪ್ರೇರಿಸುವ ಅಂತಃಸ್ರಾವವನ್ನು ಸ್ಟ್ರಾಸ್‌ಬೂರ್ಗಿನಲ್ಲಿ ೧೯೨೮ರಲ್ಲಿ ಗುರುತಿಸಿದರು. ಅದು ಪ್ರೊಲ್ಯಾಕ್ಟಿನ್ ಎಂಬ ಹೆಸರನ್ನು ಪಡೆಯಿತು. ಮಗುವು ಮೊಲೆಯನ್ನು ಚೀಪಿದಷ್ಟೂ ಅದು ಸ್ರವಿಸುತ್ತದೆ. ಮಗುವೇ ತನ್ನ ಹಾಲನ್ನು ಕೇಳಿ ತರಿಸಿಕೊಳ್ಳುತ್ತದೆ. ಈ ವಿಷಯದಲ್ಲಿ ಸುಶ್ರುತನ ಒಂದು ಮಾತು ಬೆರಗುಗೊಳಿಸುವಂತಹುದು. ಮಗುವಿನ ಸ್ಪರ್ಶ, ದರ್ಶನ, ಸ್ಮರಣೆಗಳಿಂದ ಹಾಲು ಸುರಿಯುತ್ತದೆ, ನಿರಂತರವಾದ ವಾತ್ಸಲ್ಯವೇ ಅದಕ್ಕೆ ಹೇತು ಎಂದೂ, ಕೋಪ, ಶೋಕ, ವಾತ್ಸಲ್ಯದ ಅಭಾವ ಇವುಗಳಿಂದ ಅದು ಬತ್ತುತ್ತದೆ ಎಂದೂ ಅವನ ಅಭಿಪ್ರಾಯ. ಹಾಲು ಸುರಿಯುವುದಕ್ಕೆ ಕಾರಣವಾದ ಆಕ್ಸಿಟೋಸಿನ್ ಎಂಬ ದ್ರವ್ಯವು ಮಗುವಿನ ಅಳುವನ್ನು ಕೇಳಿದ ಮಾತ್ರಕ್ಕೆ ಸ್ರವಿಸಬಲ್ಲದು, ಕಳವಳದಿಂದ ತಡೆಯಲೂಬಹುದು ಎಂಬುದನ್ನು ಶಾರೀರಶಾಸ್ತ್ರವು ಒಪ್ಪಿದೆ. ತವರಿನ ಉಂಡೆಯ ಗುಣದಲ್ಲಿ ತವರಿನ ನೆಮ್ಮದಿಯ ಪಾಲೂ ಇದ್ದಿತೆಂದು ಭಾವಿಸಿದರೆ ತಪ್ಪಾಗಲಾರದು.

ಇಷ್ಟು ಹೊಗಳಿದ ಮೇಲೆ ಸಂಪ್ರದಾಯದ ಸೋಲನ್ನೂ ಹೇಳುವುದು ನ್ಯಾಯ. ತುಪ್ಪವನ್ನು ಬೊಗಸೆಗಟ್ಟಲೆ ಕೊಟ್ಟ ಕೈಯೇ ನೀರನ್ನು ಗುಟುಕಿನ ಲೆಕ್ಕದಲ್ಲಿ ಕೊಟ್ಟಿತು. ಶೀತವಾಗುವುದೆಂದು ಹಣ್ಣನ್ನು ತಡೆದರು. ಸಬ್ಬಸಿಗೆಯಂತಹ ಒಂದೆರಡನ್ನು ಬಿಟ್ಟು ಸೊಪ್ಪನ್ನು ದೂರವಿಟ್ಟರು. ದಿನವೂ ಹಾಲಾಗಿ ಮೈಯಿಂದ ನೀರು ಹೋಗುತ್ತಿರುವವಳಿಗೆ ಬಾಯಾರಿಕೆಯೇ ಪಥ್ಯವಾಯಿತು. ಸೊಪ್ಪಿನ ನಿಷೇಧವು ಎಂತಹ ನಷ್ಟವೆಂಬುದು ತಿಳಿದದ್ದು ಭಾರತದಲ್ಲಿಯೇ ನಡೆದ ಒಂದು ಸಂಶೋಧನೆಯಿಂದ. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಡ ಗರ್ಭಿಣಿಯರಲ್ಲಿ ಪ್ರಾಣಾಂತಿಕವಾಗಿದ್ದ ರಕ್ತಹೀನತೆಯ ಕಾರಣವನ್ನು ಹುಡುಕತೊಡಗಿದಳು. ಸೋಂಕಿನಲ್ಲಿ ಅದು ದೊರೆಯಲಿಲ್ಲ. ಅವರ ತಟ್ಟೆಯಲ್ಲಿ ದೊರೆಯಿತು. ಈಸ್ಟಿನ ಸಾರವನ್ನು ಕೊಟ್ಟಾಗ ಅವರು ಗುಣಹೊಂದಿದರು. ೧೯೩೧ರಲ್ಲಿ ಆಕೆಯು ಇದನ್ನು ಪ್ರಕಟಿಸಿದಳು. ಆಕೆ ಸೂಚಿಸಿದ ಪೋಷಕವಸ್ತುವನ್ನು ೧೯೪೧ರಲ್ಲಿ ಅಮೆರಿಕದ ಪಂಡಿತರು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯನ್ನು ಹೇಳುವ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲವೆಂದು ಕರೆದರು. ಹಿತ್ತಿಲಲ್ಲಿ ಬಿಟ್ಟಿಯಾಗಿ ಬೆಳೆಯುತ್ತಿದ್ದ ಸೊಪ್ಪು ಕೋಣೆಯ ಬಾಗಿಲಿನಲ್ಲಿ ನಿಂತಿದ್ದಿತು. ಒಳಗೆ ಬರಲು ಅಪ್ಪಣೆಯಿರಲಿಲ್ಲ.

ಎರಡನೆಯ ಸೋಲು ಇನ್ನೂ ದೊಡ್ಡದು. ಮೂರು ತಿಂಗಳ ಬಾಣಂತನ, ಎಣ್ಣೆನೀರು, ಅಂಟಿನುಂಡೆ ಇವು ಕೂಲಿಯ ಹೆಣ್ಣಿನ ಪಾಲಿಗೆ ಬಂದ ಭಾಗ್ಯಗಳಲ್ಲ. ಹೊಲದಲ್ಲಿಯೂ ಗಿರಣಿಯಲ್ಲಿಯೂ ದುಡಿಯುವವಳು ಎಳೆಯ ಕೂಸನ್ನು ಬಿಟ್ಟು ಬೇಗನೆ ಹೋಗಬೇಕಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ೧೯೨೯ರ ಪ್ರಸೂತಿ ಸೌಲಭ್ಯದ ಶಾಸನವು, ಕಾರ್ಖಾನೆಯ ಕೆಲಸಗಾರ್ತಿಗೆ ಹೆರಿಗೆಯ ಕಾಲದಲ್ಲಿ ವಿಶ್ರಾಂತಿಯನ್ನೂ ಹಣವನ್ನೂ ಒದಗಿಸಿದುದು ಈ ದೇಶದಲ್ಲಿ ಮೊದಲನೆಯ ಯತ್ನ. ದೇಶಕ್ಕೆಲ್ಲ ಅನ್ವಯಿಸುವ ಶಾಸನವು ೧೯೬೧ರಲ್ಲಿ ಬಂದಿತು. ೨೦೧೭ರಲ್ಲಿ ಸಂಬಳಸಹಿತ ವಿಶ್ರಾಂತಿಯು ೨೬ ವಾರಗಳಿಗೆ ಏರಿತು. ಆದರೂ ಹೊಲದ ಕೂಲಿಯವಳನ್ನು ಆ ಶಾಸನವು ಮುಟ್ಟಲಿಲ್ಲ. ಆಕೆಯ ತಟ್ಟೆಯನ್ನು ತುಂಬುವ ಯತ್ನವು ಬೇರೆ ದಾರಿಯಿಂದ ನಡೆಯಿತು. ೧೯೭೫ರ ಅಕ್ಟೋಬರ್ ೨ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲುಗೊಂಡಿತು. ೨೦೧೭ರ ಅದೇ ದಿನ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಏರ್ಪಡಿಸಿತು. ಅನ್ನ, ಬೇಳೆ ತರಕಾರಿಗಳ ಸಾರು, ಹಾಲು, ಮೊಟ್ಟೆ. ಇವುಗಳ ಪಕ್ಕದಲ್ಲಿ ಒಂದು ತುಂಡು ಕಡಲೆಕಾಯಿ ಬೆಲ್ಲದ ಚಿಕ್ಕಿ.

ಆ ಚಿಕ್ಕಿಯು ಅಂಟಿನುಂಡೆಯ ಬಡ ತಂಗಿಯೆಂದು ಹೇಳಬಹುದು. ಅದರಲ್ಲಿಯೂ ಗೋಧಿಯಿಲ್ಲ, ಅದರಲ್ಲಿಯೂ ಸುಶ್ರುತನ ಬೆಲ್ಲವಿದೆ. ಅದರ ಪಕ್ಕದಲ್ಲಿ ಅಜ್ಜಿಯರು ತಡೆದ ತರಕಾರಿಯೂ ಬಂದು ಕುಳಿತಿದೆ. ಬಾಣಂತಿಯ ತಿನಿಸಿನ ಚರಿತ್ರೆಯಿಂದ ತಿಳಿಯುವುದು ಇಷ್ಟು: ನೆಲವು ಕೊಟ್ಟುದನ್ನು ಆರಿಸುವುದರಲ್ಲಿ ಹಿರಿಯರು ಜಾಣರಾಗಿದ್ದರು, ಬಿಡಿಸಿದುದರಲ್ಲಿ ಅನೇಕ ಸಲ ತಪ್ಪಿದರು, ಹಂಚುವುದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿದರು. ಉಂಡೆಯನ್ನು ಉಳಿಸಿಕೊಂಡು, ನೀರಿನ ಚೊಂಬನ್ನೂ ಸೊಪ್ಪಿನ ಬಟ್ಟಲನ್ನೂ ಅದರ ಬಳಿಗೆ ಸೇರಿಸಿ, ಆ ತಟ್ಟೆಯು ಯಾವ ತಾಯಿಯ ಮುಂದೆಯೂ ಬರಿದಾಗಿರದಂತೆ ನೋಡಿಕೊಂಡರೆ, ಹೆಸರಿಲ್ಲದೆ ಹೋದ ಆ ಅಜ್ಜಿಯರ ಋಣವು ತಕ್ಕಮಟ್ಟಿಗೆ ತೀರಿದಂತಾಗುವುದು.